ತೂಗುಗುಂಡು ಆಡಿಸಿದ ಹುಡುಗಿ

ತೂಗುಗುಂಡನ್ನು ಆಡಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗಾರೆ ಕೆಲಸದವನಿಗೆ ಆ ಗುಂಡೇ ಕಣ್ಣು. ದಾರದ ತುದಿಯಲ್ಲಿ ಕಬ್ಬಿಣದ ಉಂಡೆಯನ್ನು ಇಳಿಬಿಟ್ಟು, ಅದು ಅಲ್ಲಾಡದೆ ನಿಂತ ಮೇಲೆ ಗೋಡೆ ನೆಟ್ಟಗಿದೆಯೋ ವಾಲಿದೆಯೋ ನೋಡುತ್ತೇವೆ. ಆಡುವ ಗುಂಡು ಏನನ್ನೂ ಹೇಳುವುದಿಲ್ಲ. ನನಗೆ ಕೆಲಸ ಕಲಿಸಿದ ಕಳಲೆಯ ಹಿರಿಯ ಮೇಸ್ತ್ರಿ, ಗುಂಡನ್ನು ಉಯ್ಯಾಲೆ ಮಾಡಿದ ಹುಡುಗರ ಮೊಣಕೈಗೆ ಕರಣೆಯ ಹಿಡಿಯಿಂದ ಕುಟ್ಟುತ್ತಿದ್ದರು. “ಆಡ್ಸಬ್ಯಾಡ ಕಣ್ಲಾ, ಗ್ವಾಡೆಗೆ ಆಗಾಕಿಲ್ಲ” ಎನ್ನುತ್ತಿದ್ದರು. ನಾನೂ ನನ್ನ ಹುಡುಗರಿಗೆ ಅದನ್ನೇ ಹೇಳಿದೆ, ಅಷ್ಟೇ ಜೋರಾಗಿ ಕುಟ್ಟಿದೆ. ಆಯುಧಪೂಜೆಯ ದಿನ ನಮ್ಮಲ್ಲಿ ಮೊದಲ ಕುಂಕುಮ ಅದಕ್ಕೇ.

ಇಷ್ಟು ವರ್ಷಗಳಲ್ಲಿ ಆ ಗುಂಡನ್ನು ಆಡಿಸಲು ಬಿಟ್ಟದ್ದು ಒಬ್ಬಳಿಗೆ ಮಾತ್ರ. ಈಗ ಬೊಂಬಿನ ಸಾರವೆ ಹತ್ತುವುದನ್ನು ನಿಲ್ಲಿಸಿದ್ದೇನೆ, ಮಂಡಿ ಒಪ್ಪುವುದಿಲ್ಲ. ಕೆಲಸವನ್ನು ಮಗ ನೋಡಿಕೊಳ್ಳುತ್ತಾನೆ. ಜಗಲಿಯ ಮೇಲೆ ಕೂತು ನಾನು ಕಟ್ಟಿದ ಕಟ್ಟಡಗಳನ್ನು ನೆನೆಯುವಾಗ, ಕಟ್ಟಡಕ್ಕಿಂತ ಮೊದಲು ಅಲ್ಲಿ ಓಡಾಡಿದವರ ಮುಖ ಬರುತ್ತದೆ. ಅವಳ ಹೆಸರು ಬರೆಯುವುದಿಲ್ಲ. ನಮ್ಮ ಗುಂಪಿನಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯಲೂ ಇಲ್ಲ. ಕಡ್ಡಿಯ ಹಾಗಿದ್ದ ಆ ಹುಡುಗಿಯನ್ನು ಎಲ್ಲರೂ ಗುಂಡಮ್ಮ ಎನ್ನುತ್ತಿದ್ದರು. ಆಮೇಲೆ ಏನಾದಳು, ಎಲ್ಲಿದ್ದಾಳೆ ಎಂದೂ ಬರೆಯುವುದಿಲ್ಲ. ಚೆನ್ನಾಗಿದ್ದಾಳೆ, ಅಷ್ಟು ಸಾಕು. ನನಗೆ ಗೊತ್ತಿರುವುದು ಒಂದು ಬೇಸಿಗೆಯ ಹುಡುಗಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ತಿರುಮಕೂಡಲು ನರಸೀಪುರದಲ್ಲಿ ಒಂದು ಕಲ್ಯಾಣಮಂಟಪ ಕಟ್ಟುವ ಕೆಲಸ ಹಿಡಿದಿದ್ದೆ. ಎರಡು ಅಂತಸ್ತು, ನಡುವೆ ಅಗಲವಾದ ಮೆಟ್ಟಿಲು. ನಂಜನಗೂಡಿನ ಕಡೆಯಿಂದ ನನ್ನ ಗುಂಪನ್ನು ಕರೆದುಕೊಂಡು ಹೋಗಿ ಅಲ್ಲೇ ಶೆಡ್ಡು ಹಾಕಿದ್ದೆ. ನಮ್ಮ ಗೋಡೆಗೆ ತಾಗಿಕೊಂಡಂತೆ ಒಂದು ಹಿಟ್ಟಿನ ಗಿರಣಿ. ಕರೆಂಟು ಇರುವಷ್ಟು ಹೊತ್ತೂ ಅದರ ಬೆಲ್ಟಿನ ಪಟಪಟ. ಅವಳು ಆ ಗಿರಣಿಯವರ ಮಗಳು, ಹದಿನಾರು ವರ್ಷ. ಬಂದವರ ರಾಗಿ, ಗೋಧಿ ಅಳೆದು ಯಂತ್ರದ ಬಾಯಿಗೆ ಸುರಿಯುವುದು ಅವಳ ಕೆಲಸ. ಹುಬ್ಬು, ರೆಪ್ಪೆ, ಕಿವಿಯ ಓಲೆ, ಎಲ್ಲದರ ಮೇಲೂ ಹಿಟ್ಟು. ದೂರದಿಂದ ನೋಡಿದರೆ ಯಾವುದೋ ಅಜ್ಜಿ ಬಂದ ಹಾಗೆ. ಜಡೆಯಲ್ಲಿ ಹೂವಿನ ಬದಲು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದಳು.

ಮೊದಲ ಸಲ ನನ್ನನ್ನು ಮಾತನಾಡಿಸಿದ್ದು ಇಟ್ಟಿಗೆಯ ವಿಷಯಕ್ಕೆ. ನಮ್ಮಲ್ಲಿ ಮೇಲಿನ ಅಂತಸ್ತಿಗೆ ಇಟ್ಟಿಗೆಯನ್ನು ಹೊತ್ತು ಹತ್ತುವುದಿಲ್ಲ, ಎಸೆಯುತ್ತೇವೆ. ಕೆಳಗಿನವನು ಎಸೆಯುತ್ತಾನೆ, ಸಾರವೆಯ ಮೇಲಿರುವವನು ಹಿಡಿಯುತ್ತಾನೆ. ಹಿಡಿಯುವವನು ನನ್ನ ಬಲಗೈ ಮಾದೇವ. ಒಳ್ಳೆಯ ಕೆಲಸಗಾರ, ಬಾಯಿ ಮಾತ್ರ ಸುಮ್ಮನಿರದು.

“ಮೇಸ್ತ್ರಿ ಮಾಮ, ಮಾದೇವಣ್ಣ ಇಟ್ಟಿಗೆ ನಿಂತ ಮೇಲೇ ಹಿಡೀತಾರಲ್ಲ, ಯಾಕೆ?”

“ನಿಲ್ಲದು ಎಲ್ಲವ್ವ? ಮ್ಯಾಕ್ಕೋಯ್ತದೆ, ಕೆಳೀಕ್ ಬತ್ತದೆ.”

“ಮಧ್ಯೆ ನಿಲ್ಲುತ್ತೆ.”

ನಾನು ಮಾದೇವನನ್ನು ನೋಡಿದೆ. ಅವನು ಮೇಲಿನಿಂದಲೇ, “ಊಂ ಕಣ್ರೀ, ನಿಂತ್ಕತದೆ. ನಾನೆಲ್ಲಿ ಇಡ್ಕತೀನಿ, ಅದೇ ಬಂದು ಕೈಲಿ ಕೂತ್ಕತದೆ. ಅದಕ್ ಮುಂಚೆ ಇಡ್ದ್ರೆ ಬೆರಳು ಜಜ್ಜೋಯ್ತದೆ” ಎಂದ.

“ಎಷ್ಟೊತ್ತು ನಿಲ್ಲುತ್ತೆ ಮಾದೇವಣ್ಣ?”

“ಕಣ್ ಮುಚ್ಚಿ ಬುಡಾವಷ್ಟೊತ್ತು.”

“ಅದಕ್ಕಿಂತ ಸ್ವಲ್ಪ ಕಮ್ಮಿಯಾದ್ರೆ?”

“ಅದ್ರಲ್ಲರ್ಧ.”

“ಅದಕ್ಕಿಂತಾನೂ ಸ್ವಲ್ಪ ಕಮ್ಮಿಯಾದ್ರೆ?”

“ಏ, ಅತ್ಲಾಗ್ ಓಗವ್ವ! ನಿನ್ ಕಮ್ಮಿ ಕೇಳ್ಕಂಡು ಕೂತ್ರೆ ಇಟ್ಗೆ ನನ್ ತಲೆ ಮ್ಯಾಲ್ ಬೀಳ್ತದೆ.”

ಹೋಗಲಿಲ್ಲ. ಮರಳಿನ ರಾಶಿಯ ಪಕ್ಕ ನಿಂತು, ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದು ಕಾಲಿನ ಮೀನಖಂಡವನ್ನು ಉಜ್ಜಿಕೊಳ್ಳುತ್ತ, ಆ ದಿನದ ಇಟ್ಟಿಗೆಯೆಲ್ಲ ಮೇಲೆ ಹೋಗುವವರೆಗೂ ನೋಡಿದಳು. ಯೋಚನೆಗೆ ಬಿದ್ದಾಗ ಅವಳ ಕಾಲು ಹಾಗೇ ಆಡುತ್ತಿತ್ತು. ಸಂಜೆ ಶೆಡ್ಡಿನ ಹತ್ತಿರ ಬಂದು ನನಗೆ ಹೇಳಿದಳು: “ನಿಂತಿರೋ ಆ ಕ್ಷಣದಲ್ಲೂ ಭೂಮಿ ಅದನ್ನ ಎಳೀತಾನೇ ಇರುತ್ತೆ ಮಾಮ. ವೇಗ ಸೊನ್ನೆ, ಎಳೆತ ಸೊನ್ನೆ ಅಲ್ಲ. ಪುಸ್ತಕದಲ್ಲಿ ಈ ಸಾಲು ಎಷ್ಟು ಸಲ ಓದಿದ್ರೂ ಅರ್ಥ ಆಗಿರಲಿಲ್ಲ.”

‘ಸ್ವಲ್ಪ ಕಮ್ಮಿಯಾದ್ರೆ?’ ಎನ್ನುವುದು ಅವಳ ಬಾಯಿಯ ಮಾತಾಗಿತ್ತು. ಮೆಟ್ಟಿಲು ಕಟ್ಟುವಾಗ ಬಂದು ಕೇಳಿದಳು, ಒಂದು ಮೆಟ್ಟಿಲಿನ ಎತ್ತರ ಇದಕ್ಕಿಂತ ಕಮ್ಮಿಯಾದರೆ? ಮೆಟ್ಟಿಲು ಜಾಸ್ತಿ ಬೇಕಾಗುತ್ತದೆ ಎಂದೆ. ಇನ್ನೂ ಕಮ್ಮಿಯಾದರೆ? ಇನ್ನೂ ಜಾಸ್ತಿ. ಕಮ್ಮಿಯಾಗುತ್ತ ಆಗುತ್ತ ಹೋದರೆ? ಆಗ ಅದು ಮೆಟ್ಟಿಲಲ್ಲ, ಇಳಿಜಾರು ಎಂದೆ. ಅವಳು ಚಪ್ಪಾಳೆ ತಟ್ಟಿಬಿಟ್ಟಳು. “ಅದೇ ಮಾಮ, ಅದೇ ಕ್ಯಾಲ್ಕುಲಸ್ಸು!” ನಾನು ಆ ಪದವನ್ನು ಮೊದಲು ಕೇಳಿದ್ದು ಆಗ. ಏನೋ ಔಷಧದ ಹೆಸರು ಅಂದುಕೊಂಡೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಯಿಲ್ಲ. ಕಳಲೆಯಿಂದ ಸುತ್ತೂರಿನವರೆಗೆ ನಾನು ಎಬ್ಬಿಸಿದ ಗೋಡೆಗಳಲ್ಲಿ ಒಂದೂ ಬಿರುಕು ಬಿಟ್ಟಿಲ್ಲ. ಓದಿದವರ ಮುಂದೆ ನಾನು ಕೈಕಟ್ಟಿ ನಿಂತವನಲ್ಲ, ಓದಿದವರನ್ನು ಹಂಗಿಸಿದವನೂ ಅಲ್ಲ. ಆದರೆ ಓದುವುದೆಂದರೆ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪಿಸುವುದು ಎಂದೇ ತಿಳಿದಿದ್ದೆ. ಹೇಳಿಕೊಡುವವರೇ ಇಲ್ಲದೆ ಒಬ್ಬಳು ಓದುವುದನ್ನು ನೋಡಿದ್ದು ಇಲ್ಲೇ.

ಅವಳ ಪುಸ್ತಕಗಳು ಅವಳ ಅಣ್ಣನವು. ಅವನು ಎರಡು ವರ್ಷ ಪಿಯುಸಿ ಸೈನ್ಸ್ ಓದಿ, ಫೇಲಾಗಿ, ಮೈಸೂರಿನಲ್ಲಿ ಒಂದು ಅಂಗಡಿ ಸೇರಿದ್ದ. ಮನೆಯಲ್ಲಿದ್ದಾಗ ಬೆಳಗ್ಗೆ ಎದ್ದು ಇಡೀ ಪುಸ್ತಕವನ್ನು ಬಾಯಿಪಾಠ ಹೇಳುತ್ತಿದ್ದನಂತೆ. ಗಿರಣಿಯವರು ಆ ಸದ್ದನ್ನು ಕೇಳಿ ಮಗ ಗೆದ್ದ ಎಂದುಕೊಂಡಿದ್ದರು. ಅದಕ್ಕೇ ಮಗಳು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ನಾನೂ ಸೈನ್ಸ್ ಓದುತ್ತೇನೆ ಎಂದಾಗ ಬೇಡ ಎಂದರು. ಅವಳಿಗೆ ಬೇಕಾದ ಕಾಲೇಜು ನಂಜನಗೂಡಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಒಂದು ವರ್ಷ ಗಿರಣಿಯಲ್ಲೇ ಕಳೆಯಿತು. ಆ ಒಂದು ವರ್ಷ ಅವಳು ಅಣ್ಣನ ಪುಸ್ತಕಗಳನ್ನು ರಾಗಿ ಮೂಟೆಯ ಮೇಲಿಟ್ಟುಕೊಂಡು ಓದಿದ್ದಳು. ಶಾಲೆಯಲ್ಲಿ ಓದಿದ್ದು ಕನ್ನಡ ಮೀಡಿಯಂ, ಪುಸ್ತಕಗಳೆಲ್ಲ ಇಂಗ್ಲಿಷು. “ಅರ್ಧ ಇಂಗ್ಲಿಷ್ ಗೊತ್ತಿಲ್ಲ, ಅರ್ಧ ಲೆಕ್ಕ ಗೊತ್ತಿಲ್ಲ ಮಾಮ. ಎರಡೂ ಸೇರ್ಕೊಂಡು ಒಂದು ಇನ್ನೊಂದನ್ನ ಹೇಳಿಕೊಡ್ತವೆ” ಎಂದಿದ್ದಳು.

ಗಿರಣಿಯವರು ಕೆಟ್ಟವರಲ್ಲ. ನನ್ನ ವಯಸ್ಸಿನವರೇ, ಒರಟು ಮಾತು, ಅಳತೆಯಲ್ಲಿ ನ್ಯಾಯವಂತರು. ಒಂದು ದಿನ ಟೀ ಕುಡಿಯುತ್ತ ನನ್ನ ಹತ್ತಿರ ಹೇಳಿಕೊಂಡರು. “ನೋಡಿ ಮೇಸ್ತ್ರಿ, ಬುಕ್ನಲ್ಲಿರಾದ್ನ ಒಪ್ಸದು ನಮ್ ಉಡುಗ್ನೂ ಒಪ್ಸ್ತಿದ್ದ. ಇವ್ಳೂ ಒಪ್ಸ್ತಾವ್ಳೆ. ನಂಗೇನ್ ಗೊತ್ತಾಯ್ತದೆ? ಅದಕ್ಕೆ ಯೋಳಿವ್ನಿ. ಆ ಬುಕ್ನಲ್ಲಿರ ಯಾವ್ದಾರಾ ಒಂದ್ ಲೆಕ್ಕ, ನನ್ ಕಣ್ ಮುಂದೆ ನಿಜ ಮಾಡಿ ತೋರ್ಸು. ಈ ವರ್ಷ ಕಾಲೇಜು ತೆಗೆಯೋದ್ರೊಳ್ಗೆ ತೋರ್ಸಿದ್ರೆ ನಂಜನಗೂಡ್ಗೆ ಸೇರುಸ್ತೀನಿ. ಇಲ್ದಿದ್ರೆ ಟೈಲರಿಂಗ್ ಕಲ್ತ್ಕಂಡು ಸುಮ್ಕಿರ್ಬೇಕು.”

“ಏನಂದ್ಲು?”

“ಊಂ ಅಂದವ್ಳೆ. ಭೂಮಿ ಎಳೀತದಲ್ಲ, ಅದ್ನ ಅಳ್ದು ತೋರುಸ್ತಾಳಂತೆ. ರಾಗಿ ಅಳ್ಯಕ್ ಬುಟ್ರೆ ಭೂಮಿ ಅಳೀತೀನಿ ಅಂತಾಳೆ.” ನಗುತ್ತಲೇ ಹೇಳಿದರು. ಆದರೆ ಮಾತಿಗೆ ತಪ್ಪುವ ಜನವಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅವಳು ಗೆದ್ದರೂ ಸರಿ, ಸೋತರೂ ಸರಿ.

ಮಾರನೆಯ ದಿನವೇ ಅವಳು ನನ್ನ ತೂಗುಗುಂಡು ಕೇಳಿಕೊಂಡು ಬಂದಳು.

ಆಗುವುದಿಲ್ಲ ಎಂದೆ. ಯಾಕೆ ಎಂದು ಹೇಳಿದೆ. ಅವಳು ವಾದ ಮಾಡಲಿಲ್ಲ. ಒಂದು ಸಣ್ಣ ಜಲ್ಲಿಕಲ್ಲು, ಒಂದು ಮುಷ್ಟಿಗಾತ್ರದ ಕಲ್ಲು ಆರಿಸಿಕೊಂಡು, ಎರಡಕ್ಕೂ ಒಂದೇ ಉದ್ದದ ದಾರ ಕಟ್ಟಿ, ಸಾರವೆಯ ಅಡ್ಡ ಬೊಂಬಿಗೆ ಪಕ್ಕಪಕ್ಕದಲ್ಲಿ ನೇತುಹಾಕಿದಳು. “ಮಾಮ, ಎರಡನ್ನೂ ಒಟ್ಟಿಗೆ ಬಿಟ್ರೆ ಯಾವುದು ಬೇಗ ಹೋಗಿ ಬರುತ್ತೆ?”

“ಇದೂ ಒಂದ್ ಕೇಳೋ ಮಾತಾ? ದೊಡ್ದು.”

ಬಿಟ್ಟಳು. ಎರಡೂ ಜೋಡಿ ಎತ್ತುಗಳ ಹಾಗೆ ಒಟ್ಟಿಗೆ ಹೋದವು, ಒಟ್ಟಿಗೆ ಬಂದವು. ಮತ್ತೆ ಹೋದವು, ಮತ್ತೆ ಬಂದವು. ಹುಡುಗರೆಲ್ಲ ಕೆಲಸ ಬಿಟ್ಟು ನೋಡಿದರು. ನಾನು ಹುಟ್ಟಿದಾಗಿನಿಂದ ಭಾರ ಎತ್ತಿದವನು, ಭಾರ ಇಳಿಸಿದವನು. ಇದು ಹೀಗೆ ಎಂದು ನನ್ನ ಕೈ ಒಂದು ದಿನವೂ ನನಗೆ ಹೇಳಿರಲಿಲ್ಲ. ಬೇಜಾರಾಗಲಿಲ್ಲ, ಖುಷಿಯಾಯಿತು. ಒಳಗೆ ಹೋಗಿ ಗುಂಡು ತಂದು ಅವಳ ಕೈಗಿಟ್ಟೆ. ಮಾದೇವ ಬಾಯಿ ಬಿಟ್ಟುಕೊಂಡು ನಿಂತ. ಗುಂಡಮ್ಮ ಎಂದು ಹೆಸರಿಟ್ಟವನು ಅವನೇ, ಅವತ್ತೇ.

ಅವಳು ಮಾಡಬೇಕಾಗಿದ್ದ ಲೆಕ್ಕ ಹೇಳಲು ಸುಲಭ. ಕೈಬಿಟ್ಟ ವಸ್ತುವನ್ನು ಭೂಮಿ ಎಳೆದಾಗ ಅದರ ವೇಗ ಸೆಕೆಂಡಿಗೆ ಇಷ್ಟಿಷ್ಟು ಎಂದು ಹೆಚ್ಚುತ್ತ ಹೋಗುತ್ತದಂತೆ. ಆ ‘ಇಷ್ಟು’ ಎನ್ನುವುದು ಪುಸ್ತಕದ ಪ್ರಕಾರ ಒಂಬತ್ತು ಪಾಯಿಂಟ್ ಎಂಟು. ಬೀಳುವ ಕಲ್ಲನ್ನು ಅಳೆಯಲು ಕಣ್ಣು ಸಾಲದು, ಅಷ್ಟು ಬೇಗ ಬಿದ್ದುಹೋಗುತ್ತದೆ. ಅದಕ್ಕೆ ಗುಂಡನ್ನು ದಾರಕ್ಕೆ ಕಟ್ಟಿ ಆಡಿಸಿ, ಅದು ಹೋಗಿಬರುವ ಹೊತ್ತನ್ನು ಗಡಿಯಾರದಲ್ಲಿ ನೋಡಿ, ದಾರದ ಉದ್ದವನ್ನೂ ಸೇರಿಸಿ ಲೆಕ್ಕ ಕಟ್ಟಿದರೆ ಆ ಸಂಖ್ಯೆ ಬರಬೇಕು. ಸೂತ್ರ ಪುಸ್ತಕದಲ್ಲೇ ಇದೆ. ಆದರೆ ಅದು ಎಲ್ಲಿಂದ ಬಂತು ಎಂದು ತಿಳಿಯದೆ ಮುಟ್ಟುವುದಿಲ್ಲ ಎಂದು ಕೂತಳು. ಅದು ತಿಳಿಯಬೇಕಾದರೆ ಕ್ಯಾಲ್ಕುಲಸ್ಸು ಬೇಕಂತೆ. ಮೊದಲು ಅದನ್ನು ಕಲಿತಳು. ನಮ್ಮ ಇನ್ನೂ ಗಾರೆಯಾಗದ ಇಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಬರೆದು ಕಲಿತಳು. ಇಂದು ಬರೆದದ್ದು ನಾಳೆಗೆ ನಮ್ಮ ಗಾರೆಯ ಅಡಿಗೆ ಹೋಗುತ್ತಿತ್ತು. ಬಳಿಯುವ ಮುಂಚೆ ಹುಡುಗರು, “ಗುಂಡಮ್ಮ, ಅಳ್ಸೋಗ್ತದೆ, ಆಯ್ತಾ ನಿಂದು?” ಎಂದು ಕೂಗುತ್ತಿದ್ದರು. “ಬಳೀರಿ ಬಳೀರಿ, ಇಲ್ಲಿದೆ” ಎಂದು ಹಣೆ ಮುಟ್ಟಿ ತೋರಿಸುತ್ತಿದ್ದಳು. ಆ ಹಣೆಗೆ ಇದ್ದಿಲಿನ ಗೆರೆ ಬೀಳುತ್ತಿತ್ತು, ಹಿಟ್ಟಿನ ಮೇಲೆ.

ಒಂದು ದಿನ ನಿಜಕ್ಕೂ ಬೈದಿದ್ದೇನೆ. ಗೋಡೆಗೆ ನೀರು ಹಾಕಲೆಂದು ತುಂಬಿಸಿಟ್ಟಿದ್ದ ಡ್ರಮ್ಮಿನ ಪಕ್ಕದಲ್ಲಿ ತಳಕ್ಕೆ ಹತ್ತಿರವಿದ್ದ ಬಿರಡೆಯನ್ನು ಕಿತ್ತು, ಅಷ್ಟು ನೀರನ್ನೂ ಹರಿಯಬಿಟ್ಟಿದ್ದಳು. ನಾನು ಹೋಗುವ ಹೊತ್ತಿಗೆ ಡ್ರಮ್ಮು ಮುಕ್ಕಾಲು ಖಾಲಿ. ಅವಳು ಗಡಿಯಾರ ನೋಡುತ್ತ, ಸರಿಯಾಗಿ ನಿಮಿಷಕ್ಕೊಮ್ಮೆ ಕೋಲು ಅದ್ದಿ ನೀರಿನ ಮಟ್ಟಕ್ಕೆ ಗೆರೆ ಹಾಕುತ್ತ, ಚಿಮ್ಮುವ ನೀರು ಬೀಳುವ ಜಾಗಕ್ಕೆ ಒಂದೊಂದು ಕಲ್ಲಿಡುತ್ತ ಕೂತಿದ್ದಾಳೆ. ನನ್ನ ಬೈಗುಳ ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ. “ಮಾಮ, ನೋಡಿ! ಕೋಲಿನ ಮೇಲೆ ಗೆರೆಗಳು ಹತ್ತಿರ ಹತ್ತಿರ ಆಗ್ತಾ ಬಂದಿವೆ. ನೆಲದ ಮೇಲೆ ಕಲ್ಲುಗಳು ಮಾತ್ರ ಸಮಸಮ!” ನೋಡಿದೆ. ನಿಜ. ಅಳೆದು ಇಟ್ಟ ಹಾಗೆ ಕಲ್ಲುಗಳ ಸಾಲು. ಯಾಕೆ ಎಂದು ವಿವರಿಸಿದಳು, ನನಗೆ ಅರ್ಥವಾಗಲಿಲ್ಲ. ಬೋರ್‌ವೆಲ್ಲಿನಿಂದ ಕೊಡದಲ್ಲಿ ಹೊತ್ತು ಡ್ರಮ್ಮನ್ನು ಮತ್ತೆ ತುಂಬಿಸಿದ ಮೇಲೇ ಮನೆಗೆ ಹೋದಳು. ಸಹಾಯಕ್ಕೆ ಹೋದ ಮಾದೇವನನ್ನು, “ಚೆಲ್ಲಿದ್ದು ನಾನು” ಎಂದು ತಡೆದಳು.

ಚಂದ್ರನೂ ಬೀಳುತ್ತಿದ್ದಾನೆ ಎಂದು ಹೇಳಿದ್ದೂ ಅಂಥದ್ದೇ ಒಂದು ಸಂಜೆ. “ಬಿದ್ರೆ ಇಷ್ಟೊತ್ಗೆ ನಮ್ ಮ್ಯಾಲಿರ್ಬೇಕಿತ್ತು” ಎಂದ ಮಾದೇವ.

“ಪಕ್ಕಕ್ಕೂ ಓಡ್ತಿದಾನಲ್ಲ ಮಾದೇವಣ್ಣ. ಬೀಳೋದೂ ಉಂಟು, ತಪ್ಪಿಸಿಕೊಳ್ಳೋದೂ ಉಂಟು.”

“ಎಡ್ಮಾಸ್ತರ್ ಕಂಡ್ರೆ ನಾನ್ ಓಡ್ತಿದ್ನಲ್ಲ ಸ್ಕೂಲ್ ಸುತ್ತಾ, ಅಂಗೆ ಅನ್ನು.”

“ಹಂಗೇ!” ಎಂದು ನಕ್ಕಳು. ನಗುವಾಗ ರೆಪ್ಪೆಯ ಹಿಟ್ಟು ಉದುರುತ್ತಿತ್ತು.

ಇಷ್ಟೆಲ್ಲ ಆದರೂ ಲೆಕ್ಕ ಕೈಕೊಡುತ್ತಿತ್ತು. ಮೆಟ್ಟಿಲಿನ ಮೇಲಿನ ಚಾವಣಿಯ ಕೊಂಡಿಗೆ ದಾರ ಕಟ್ಟಿ ಗುಂಡು ಇಳಿಬಿಟ್ಟಿದ್ದೆವು. ಗಡಿಯಾರ ನೋಡುವವಳು ಅವಳು, ಗುಂಡು ಬಿಟ್ಟು ಎಣಿಸುವವನು ಮಾದೇವ. ಇಪ್ಪತ್ತು ಸಲ ಹೋಗಿಬರಲು ಎಷ್ಟು ಹೊತ್ತು ಎಂದು ನೋಡಿ ಗೋಡೆಯ ಮೇಲೆ ಲೆಕ್ಕ ಮಾಡಿದರೆ, ಒಂಬತ್ತು ಪಾಯಿಂಟ್ ಎಂಟರ ಬದಲು ಹನ್ನೊಂದಕ್ಕೆ ಹತ್ತಿರ ಬರುತ್ತಿತ್ತು. ದಾರ ಬದಲಾಯಿಸಿದಳು. ಗಾಳಿ ಬಾರದಂತೆ ಗೋಣಿತಾಟು ಕಟ್ಟಿಸಿದಳು. ಉದ್ದವನ್ನು ನನ್ನಿಂದಲೇ ಅಳೆಸಿದಳು. ಮತ್ತೆ ಅದೇ ಹನ್ನೊಂದರ ಹತ್ತಿರ. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಕಾಲೇಜಿನ ಅರ್ಜಿ ಕೊಡುವ ದಿನಗಳು. ಅವಳು ಮಾತು ಕಮ್ಮಿ ಮಾಡಿದಳು. ಜಡೆಯ ಪೆನ್ಸಿಲ್ಲನ್ನು ತೆಗೆದು ಕಚ್ಚುತ್ತ ನಿಲ್ಲುತ್ತಿದ್ದಳು.

ಮಾದೇವನಿಗೆ ತಡೆಯಲಾಗಲಿಲ್ಲ. “ಒಂಬತ್ ಪಾಯಿಂಟ್ ಎಂಟೇ ಬಂತು ಅಂತ ಬರ್ಕಳವ್ವ. ನಿಮ್ಮಪ್ಪುಂಗೇನ್ ಗೊತ್ತಾಯ್ತದೆ?”

ಅವಳು ಸಿಟ್ಟಾಗಲಿಲ್ಲ. “ಅಪ್ಪಂಗೆ ಗೊತ್ತಾಗಲ್ಲ ಮಾದೇವಣ್ಣ. ನಂಗೆ ಗೊತ್ತಾಗುತ್ತಲ್ಲ” ಎಂದಳು.

ಆಮೇಲೆ ಒಂದು ದಿನ ಇಪ್ಪತ್ತು ಬೇಡ, ಐವತ್ತು ಎಣಿಸಿ ಎಂದಳು. ಹತ್ತಕ್ಕೆ ಸ್ವಲ್ಪ ಮೇಲೆ ಬಂತು. ನೂರು ಎಣಿಸಿ ಎಂದಳು. ಮಾದೇವ ಗೊಣಗುತ್ತ ಎಣಿಸಿದ. ಸರಿಯಾಗಿ ಹತ್ತು. ಅವಳ ಕಾಲು ಮೀನಖಂಡ ಉಜ್ಜಲು ಶುರುವಾಯಿತು. “ಎಣಿಕೆ ಜಾಸ್ತಿಯಾದಷ್ಟೂ ಪುಸ್ತಕದ ಹತ್ತಿರ ಹೋಗ್ತಿದೆ. ಅಂದ್ರೆ ತಪ್ಪು ಒಂದೇ ಅಳತೇದು ಮಾಮ. ಜಾಸ್ತಿ ಜನ ಹಂಚಿಕೊಂಡ್ರೆ ಒಬ್ಬೊಬ್ಬರಿಗೆ ಕಮ್ಮಿ ಬರುತ್ತಲ್ಲ, ಹಂಗೆ.” ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬರೆದಳು, ಒರೆಸಿದಳು, ಬರೆದಳು. ಎದ್ದು ನಿಂತಾಗ ಮುಖವೇ ಬೇರೆಯಾಗಿತ್ತು.

“ಒಂದು ಕಳೆದ್ರೆ ಮೂರೂ ಸರಿಹೋಗುತ್ತೆ! ಇಪ್ಪತ್ತಲ್ಲ, ಹತ್ತೊಂಬತ್ತು. ಐವತ್ತಲ್ಲ, ನಲವತ್ತೊಂಬತ್ತು. ಎಲ್ಲೋ ಒಂದು ಜಾಸ್ತಿ ಎಣಿಸ್ತಿದೀವಿ. ಮಾದೇವಣ್ಣ, ಇನ್ನೊಂದ್ಸಲ ಬಿಡಿ, ಜೋರಾಗಿ ಎಣಿಸಿ.”

ಮಾದೇವ ಗುಂಡನ್ನು ಎಳೆದು ಬಿಟ್ಟ. ಬಿಡುತ್ತಲೇ, “ಲಾಭ!” ಎಂದ.

ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು. ಕಣದಲ್ಲಿ ಹಾಗೆ, ಗಿರಣಿಯಲ್ಲಿ ಹಾಗೆ, ನಮ್ಮ ಕೆಲಸದಲ್ಲಿ ಬಾಂಡಲಿಯಲ್ಲಿ ಮರಳು ಎಣಿಸುವಾಗಲೂ ಹಾಗೇ. ನಮಗೆ ಎಣಿಕೆಯ ಬಾಗಿಲೇ ಅದು. ಯಾರಿಗೂ ಅದು ಕಿವಿಗೆ ಬಿದ್ದೇ ಇರಲಿಲ್ಲ. ಅವಳಿಗೂ ಇಲ್ಲ, ಅವಳೂ ದಿನಾ ಹಾಗೇ ಅಳೆಯುವವಳು.

“ಬಿಟ್ಟಾಗ ಅದು ಇನ್ನೂ ಹೋಗೂ ಇಲ್ಲ, ಬಂದೂ ಇಲ್ಲ! ಆಗಲೇ ಲಾಭ ಅಂದ್ರೆ?” ಎಂದು ನಗಲು ಶುರುಮಾಡಿದವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಾದೇವ, “ತಪ್ಪು ನಂದಲ್ಲ ಕಣವ್ವ, ನಮ್ಮಪ್ಪುಂದು, ನಮ್ ತಾತುಂದು” ಎಂದ.

ಇನ್ನು ಉಳಿದದ್ದು ಗಿರಣಿಯವರ ಮುಂದೆ ಮಾಡಿ ತೋರಿಸುವುದು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿ ನಿಂತಿತು. ಅವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಮ್ಮ ಕಟ್ಟಡದೊಳಗೆ ಬಂದರು. ಹಿಂದೆಯೇ ರಾಗಿ ಬೀಸಿಸಲು ಬಂದಿದ್ದ ಇಬ್ಬರು ಹೆಂಗಸರೂ ಬಂದರು, ನೋಡಲಿಕ್ಕೆ.

“ಎಣ್ಸದು ನಾನು” ಎಂದರು ಗಿರಣಿಯವರು. “ಗಡ್ಯಾರ ನೀನ್ ನೋಡು. ಗುಂಡು ಬುಡದು ಮೇಸ್ತ್ರಿ. ಅವ್ರು ಸುಳ್ಳಾಡಾಕಿಲ್ಲ.”

ಹಾಗಾಗಿ ಅವತ್ತು ಗುಂಡು ಆಡಿಸಿದವನು ನಾನೇ. ಕಳಲೆಯ ಮೇಸ್ತ್ರಿ ಮೇಲಿನಿಂದ ನೋಡುತ್ತಿದ್ದರೆ ಕರಣೆ ಹುಡುಕುತ್ತಿದ್ದರು. ಒಂದು ಗೇಣು ಪಕ್ಕಕ್ಕೆ ಎಳೆದು, ಅವಳು ಕಣ್ಣಲ್ಲೇ ಹ್ಞೂಂ ಎಂದಾಗ ಬಿಟ್ಟೆ.

“ಲಾಭ!” ಎಂದರು ಗಿರಣಿಯವರು.

“ಅಪ್ಪ, ಅದು—”

“ಸುಮ್ಕಿರು. ಎರಡು! ಮೂರು!”

ಅವಳು ಗಡಿಯಾರಕ್ಕೆ ಕಣ್ಣು ನೆಟ್ಟಳು. ಇಪ್ಪತ್ತು ಮುಗಿದ ಮೇಲೆ ಗೋಡೆಯ ಮೇಲೆ ಲೆಕ್ಕ ಮಾಡಿ, ಬಂದದ್ದನ್ನು ಹಾಗೇ ಓದಿದಳು. ಹನ್ನೊಂದಕ್ಕೆ ಹತ್ತಿರ.

“ಬುಕ್ನಲ್ಲಿ?”

“ಒಂಬತ್ತು ಪಾಯಿಂಟ್ ಎಂಟು.”

“ಅಂಗಾರೆ ಆಗ್ನಿಲ್ಲ.” ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಟವೆಲ್ ಕೊಡವಿಕೊಂಡರು. ಮಗಳು ಗೆಲ್ಲಲಿ ಎಂದೇ ಬಂದಿದ್ದರು ಎಂದು ನನಗೆ ಆಗ ತಿಳಿಯಿತು. “ಎಣಿಸೋದ್ರಲ್ಲಿ ಒಂದು ಜಾಸ್ತಿ ಆಯ್ತಪ್ಪ” ಎಂದಳು.

“ನಂಗೆ ಎಣ್ಸದ್ ಕಲುಸ್ತೀಯಾ? ನೀನ್ ಉಟ್ಟಕ್ ಮುಂಚಿಂದ ಅಳೀತಾ ಇವ್ನಿ.”

ಮಾದೇವ ಬಾಯಿ ತೆರೆದ, ನಾನು ಅವನ ಕಾಲು ತುಳಿದೆ. ಅವಳು ಗಿರಣಿಗೆ ಓಡಿಹೋಗಿ ಸೇರನ್ನೂ ಮೊರದಲ್ಲಿ ಒಂದಿಷ್ಟು ರಾಗಿಯನ್ನೂ ತಂದು ಅಪ್ಪನ ಮುಂದೆ ಇಟ್ಟಳು.

“ಅಪ್ಪ, ಅಳೀರಿ.”

“ಯಾಕವ್ವ?”

“ಒಂದೇ ಸೇರು.”

ಅವರು ಸೇರನ್ನು ತುಂಬಿ, ಕೈಯಿಂದ ಮೇಲೆ ಸವರಿ, ಪಕ್ಕಕ್ಕೆ ಸುರಿದು, “ಲಾಭ” ಎಂದರು.

“ಖಾಲಿ ಸೇರು ಕೈಗೆ ತಗೊಂಡಾಗ ಯಾಕೆ ಅನ್ನಲಿಲ್ಲ?”

“ಸುರೀದೆ ಎಂಗಂತರೆ? ಗಿರಾಕಿ ಬುಟ್ಟಾನ?”

“ಮೇಸ್ತ್ರಿ ಮಾಮ ಗುಂಡು ಬಿಟ್ಟಾಗ ಏನು ಸುರಿದಿತ್ತಪ್ಪ?”

ಅವರು ಗುಂಡನ್ನು ನೋಡಿದರು. ಅದು ಇನ್ನೂ ಸಣ್ಣಗೆ ಆಡುತ್ತಿತ್ತು. ಸೇರನ್ನು ನೋಡಿದರು. ಒಬ್ಬ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. “ಓಗಿ ಬಂದ್ಮೇಲೆ ಅನ್ಬೇಕಿತ್ತು” ಎಂದರು ಗಿರಣಿಯವರು, ನಿಧಾನವಾಗಿ. “ಸರಿ. ಬುಡವಾಗ ಏನನ್ಲಿ?”

“ಸೊನ್ನೆ ಅನ್ನಿ.”

“ಥೂ, ಬಾಯಲ್ ಸೊನ್ನೆ ಅಂತ ಸುರು ಮಾಡಾಕಾಯ್ತದಾ? ಗಿರಣಿ ಉಳೀತದಾ? ಆಗಾಕಿಲ್ಲ.”

“ಸುಮ್ನಿರಿ ಹಂಗಾದ್ರೆ.”

“ಸುಮ್ಕಿದ್ರೆ ಎಣ್ಕೆ ತಪ್ಪೋಯ್ತದೆ.”

ಕಾಲೇಜಿನ ದಾರಿ ಒಂದು ಸೊನ್ನೆಗೆ ಸಿಕ್ಕಿಹಾಕಿಕೊಂಡಿತು. ಆಗ ಮಾದೇವ, ತುಳಿಸಿಕೊಂಡ ಕಾಲನ್ನು ಹಿಂದಕ್ಕೆ ಎಳೆದುಕೊಂಡು, “ದೇವ್ರೆಸ್ರು ಯೋಳಿ ಸಾ. ದೇವ್ರು ಎಣ್ಕೆಗ್ ಬರಾಕಿಲ್ವಲ್ಲ” ಎಂದ.

ಅವಳು ಅವನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. “ಆಗುತ್ತೆ! ಅಪ್ಪ, ಬಿಡೋವಾಗ ನಂಜುಂಡಪ್ಪ ಅನ್ನಿ. ಹೋಗಿ ಬಂದಾಗ ಲಾಭ.”

ಗುಂಡು ನಿಲ್ಲುವವರೆಗೆ ಕಾದೆವು. ಎಳೆದೆ, ಬಿಟ್ಟೆ. “ನಂಜುಂಡಪ್ಪಾ!” ಎಂದರು ಗಿರಣಿಯವರು, ಎರಡು ಕೈಯನ್ನೂ ಸ್ವಲ್ಪ ಜೋಡಿಸಿ. ಗುಂಡು ಹೋಯಿತು, ಬಂತು. “ಲಾಭ!” ಹೆಂಗಸರೂ ಜೊತೆಗೆ ಎಣಿಸಿದರು. ನಮ್ಮ ಹುಡುಗರೂ ಎಣಿಸಿದರು. ಇಪ್ಪತ್ತು ಎಂದಾಗ ಅವಳು ಗಡಿಯಾರದಿಂದ ಕಣ್ಣು ತೆಗೆದು ಗೋಡೆಗೆ ತಿರುಗಿದಳು. ಇದ್ದಿಲು ಓಡಿತು.

“ಒಂಬತ್ತು ಪಾಯಿಂಟ್ ಏಳು” ಎಂದಳು.

ಎಂಟು ಅನ್ನಬಾರದಿತ್ತೇ, ಯಾರು ನೋಡುತ್ತಿದ್ದರು?

“ಬುಕ್ನಲ್ಲಿ ಎಂಟಲ್ವಾ?” ಎಂದರು ಗಿರಣಿಯವರು.

“ಎಂಟು. ನಮಗೆ ಬಂದಿದ್ದು ಏಳು. ಗಡಿಯಾರ ನೋಡೋದು ಚೂರು ಹಿಂದೆ ಮುಂದೆ ಆದ್ರೂ ಇಷ್ಟು ವ್ಯತ್ಯಾಸ ಬರುತ್ತಪ್ಪ. ಬಂದಿದ್ದನ್ನ ಹೇಳಿದೀನಿ.”

ಅವರು ಗೋಡೆಯ ಹತ್ತಿರ ಹೋಗಿ ಆ ಅಂಕಿಗಳನ್ನು ಬೆರಳಿನಿಂದ ಮುಟ್ಟಿದರು. ಬೆರಳಿಗೆ ಇದ್ದಿಲು ಹತ್ತಿತು. “ನಮ್ ತಕ್ಕಡಿಗೆ ಮುದ್ರೆ ಒತ್ತಕ್ ಬರೋರೂ ಒಂದ್ ಕೂದ್ಲೆಳೆ ಬುಟ್ಕೊಡ್ತರೆ ಮೇಸ್ತ್ರಿ” ಎಂದರು ನನ್ನ ಕಡೆ ತಿರುಗಿ. “ಒಂದೆಳೆನೂ ಆಚೀಚೆ ಇಲ್ದಂಗ್ ನಿಂತದೆ ಅನ್ನೋ ತಕ್ಕಡೀನ ಅವ್ರು ನಂಬಾಕಿಲ್ಲ. ಎಲ್ಲೋ ಏನೋ ಅಂಟಾಕವ್ನೆ ಅಂತರೆ.” “ಇನ್ನೊಂದ್ಸಲ ಬುಡಿ” ಎಂದರು.

ಬಿಟ್ಟೆ. ಈ ಸಲ ಅನುಮಾನಕ್ಕಲ್ಲ, ಆಸೆಗೆ. ನಂಜುಂಡಪ್ಪ ಎನ್ನುವಾಗ ಅವರ ದನಿ ಹಬ್ಬದ ದನಿಯಾಗಿತ್ತು. ಅರ್ಧ ಎಣಿಸುವಷ್ಟರಲ್ಲಿ ಕರೆಂಟು ಬಂತು, ಗಿರಣಿಯ ಬೆಲ್ಟು ತಾನಾಗಿ ಪಟಪಟ ಎಂದಿತು. ಹೆಂಗಸೊಬ್ಬಳು, “ಅಣ್ಣಾ, ರಾಗಿ ಆಕ್ಕೊಡಿ, ಕರೆಂಟು ಮತ್ತೆ ಓದಾತು” ಎಂದಳು.

“ತಡಿ ತಾಯಿ, ಎಣ್ಕೆ ತಪ್ಪಿಸ್ಬ್ಯಾಡ. ಹದ್ನಾಲ್ಕು!”

ಮುಗಿದ ಮೇಲೆ ಮತ್ತೆ ಎಷ್ಟು ಬಂತು ಎಂದು ಕೇಳಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಎಲ್ಲೋ ನೋಡುತ್ತ ಮಗಳನ್ನು ಕೇಳಿದರು:

“ನಂಜನಗೂಡ್ಗೆ ಬೆಳಗ್ಗೆ ಬಸ್ಸು ಎಷ್ಟೊತ್ಗವ್ವ?”

ಅವಳು ಒಂದು ಕ್ಷಣವೂ ತಡೆಯಲಿಲ್ಲ. “ಆರೂ ಮುಕ್ಕಾಲು. ಅದು ತಪ್ಪಿದ್ರೆ ಏಳೂ ಕಾಲು. ಏಳೂ ಕಾಲಿಂದು ಕಾಲೇಜಿನ ಹತ್ರಾನೇ ನಿಲ್ಲುತ್ತೆ.”

ಗಿರಣಿಯವರು ನನ್ನನ್ನು ನೋಡಿ ತಲೆಯಾಡಿಸಿದರು. “ಎಲ್ಲಾ ಮದ್ಲೇ ತಿಳ್ಕಂಡವ್ಳೆ” ಎಂದು ಗಿರಣಿಯ ಕಡೆ ನಡೆದರು. ಬಾಗಿಲ ಹತ್ತಿರ ನಿಂತು ತಿರುಗದೆಯೇ ಕೂಗಿದರು: “ಏನ್ ನಿಂತ್ಕಂಡಿದ್ದೀಯ? ಬಂದು ರಾಗಿ ಅಳ್ಕೊಡು. ಕಾಲೇಜ್ ತೆಗ್ಯೋಗಂಟ ಈ ಕೆಲ್ಸ ನಿಂದೇ.”

ಅವಳು ಸೇರು, ಮೊರ ಎತ್ತಿಕೊಂಡು ಓಡಿದಳು. ಮರಳಿನ ರಾಶಿ ಅಡ್ಡ ಇತ್ತು. ಸುತ್ತಿಕೊಂಡು ಹೋಗಲಿಲ್ಲ, ಅದರ ಮೇಲೇ ಹತ್ತಿ ಇಳಿದಳು.